ಸರ್ಕ್ಯೂಟ್‌ಗೊಂದು ಡಬ್ಬಿ: ಕಾಸು ಜಾಸ್ತಿ ಸುರಿಯದೆ ಕ್ಯಾಡ್ ಸಾಫ್ಟ್‌ವೇರ್ ಆರಿಸಿಕೊಳ್ಳುವ ಬಗೆ

ತಿಪಟೂರಿನ ಹತ್ತಿರ ನಮ್ಮ ಭಾವನ ತೆಂಗಿನ ತೋಟ ಇದೆ. ಅಲ್ಲಿನ ನೀರಿನ ತೊಟ್ಟಿ ತುಂಬಿತೋ ಇಲ್ಲವೋ ನೋಡಲು ಪ್ರತಿ ಸಲ ಏಣಿ ಹತ್ತಬೇಕಿತ್ತು. ವೈಫೈ ಇರುವ ಪುಟ್ಟ ಇಎಸ್‌ಪಿ32 ಬೋರ್ಡ್ ಒಂದು, ನೀರಿನ ಮಟ್ಟ ಅಳೆಯಲು ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಒಂದಿಷ್ಟು ಪ್ರೋಗ್ರಾಂ. ಸರ್ಕ್ಯೂಟ್ ಎರಡು ಸಂಜೆಯಲ್ಲಿ ಮುಗಿಯಿತು. ಅದನ್ನು ಇಡುವ ಡಬ್ಬಿಗೆ ಎರಡು ತಿಂಗಳು ಹಿಡಿಯಿತು.

ತಪ್ಪು ನನ್ನದೇ. ಡಬ್ಬಿ ಯಾವುದರಲ್ಲಿ ಮಾಡಿಸಬೇಕು ಎಂದು ಯೋಚಿಸುವ ಮೊದಲೇ ಕ್ಯಾಡ್ ಸಾಫ್ಟ್‌ವೇರ್ (ಕಂಪ್ಯೂಟರ್‌ನಲ್ಲಿ ಅಳತೆ ಕೊಟ್ಟು ವಸ್ತುವಿನ ಆಕೃತಿ ಬರೆಯುವಂಥದ್ದು) ಇಳಿಸಿಕೊಂಡೆ. ಮೂರು ವಾರ ಕೂತು ಕಲಿತೆ. ಚೆಂದದ ಚಿತ್ರ ಬಂತು. ಅದನ್ನು ಪೀಣ್ಯದ ಒಂದು ವರ್ಕ್‌ಶಾಪಿಗೆ ತೆಗೆದುಕೊಂಡು ಹೋದರೆ ಅಲ್ಲಿನ ಹುಡುಗ ಪೆನ್‌ಡ್ರೈವ್ ಹಾಕಿ ನೋಡಿ, "ಸ್ಟೆಪ್ ಫೈಲ್ ಇಲ್ವಾ ಸಾರ್? ಎಸ್‌ಟಿಎಲ್ ಕೊಟ್ರೆ ನಾವೇನ್ ಮಾಡೋದು?" ಎಂದ. ಸ್ಟೆಪ್, ಎಸ್‌ಟಿಎಲ್ ಎರಡೂ 3ಡಿ ಆಕೃತಿ ಇಡುವ ಫೈಲ್‌ನ ಬಗೆಗಳು. ನಾನು ಕಲಿತ ಸಾಫ್ಟ್‌ವೇರ್‌ನಿಂದ ಸ್ಟೆಪ್ ಫೈಲ್ ಬರುವುದೇ ಇಲ್ಲ ಎಂದು ಆ ದಿನ ಗೊತ್ತಾಯಿತು.

ಅದಕ್ಕೇ ಈ ಬರಹ ಸಾಫ್ಟ್‌ವೇರ್ ಹೆಸರಿನಿಂದ ಶುರುವಾಗುವುದಿಲ್ಲ. ಕೊನೆಗೆ ಯಾರ ಕೈಗೆ ಯಾವ ಫೈಲ್ ಕೊಡಬೇಕು ಎಂಬಲ್ಲಿಂದ ಶುರುವಾಗುತ್ತದೆ.

ಹಂತ 1: ಡಬ್ಬಿ ಬೇಕೇ ಬೇಕಾ?

ತಮಾಷೆಗೆ ಕೇಳುತ್ತಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅರ್ಧ ದಿನ ಸುತ್ತಿದರೆ ನೂರೆಂಟು ಅಳತೆಯ ಎಬಿಎಸ್ ಪ್ಲಾಸ್ಟಿಕ್ ಡಬ್ಬಿಗಳು ಸಿಗುತ್ತವೆ. ಒಂದೋ ಎರಡೋ ಪೀಸ್ ಸಾಕು ಅನ್ನುವವರು ಅದರಲ್ಲಿ ಒಂದನ್ನು ತಂದು ತೂತು ಕೊರೆದರೆ ಕೆಲಸ ಮುಗಿಯಿತು. ಅದರಲ್ಲೂ 230 ವೋಲ್ಟ್ ಒಳಗೆ ಬರುವುದಾದರೆ, ಅಂದರೆ ರಿಲೇ ಹಾಕಿ ಮೋಟಾರ್ ಆನ್ ಮಾಡುವ ಡಬ್ಬಿಯಾದರೆ, ಮನೆಯಲ್ಲಿ 3ಡಿ ಪ್ರಿಂಟ್ ಮಾಡಿದ ಡಬ್ಬಿ ಬೇಡ. ಬೆಂಕಿ ಹತ್ತಿದರೆ ತಾನಾಗಿ ಆರುವ ಗುಣದ ಪ್ಲಾಸ್ಟಿಕ್‌ನಲ್ಲಿ ಮಾಡಿದ ರೆಡಿಮೇಡ್ ಡಬ್ಬಿ ಕೊಳ್ಳಿ. 3ಡಿ ಪ್ರಿಂಟರ್‌ಗೆ ಹಾಕುವ ಸಾಮಾನ್ಯ ಪಿಎಲ್ಎ ಪ್ಲಾಸ್ಟಿಕ್ ತಂತಿಗೆ ಆ ಗುಣ ಇಲ್ಲ. ಭಾವನ ಮೋಟಾರ್ ಪಕ್ಕದ ಡಬ್ಬಿಯನ್ನು ನಾನು ಹಾಗೇ ಅಂಗಡಿಯಿಂದ ತಂದೆ. ತೊಟ್ಟಿಯ ಬಳಿಯ, 5 ವೋಲ್ಟ್‌ನಲ್ಲಿ ಓಡುವ ಡಬ್ಬಿ ಮಾತ್ರ ನಾನೇ ಮಾಡಿದ್ದು.

ರೆಡಿಮೇಡ್ ಡಬ್ಬಿಗೂ ಕ್ಯಾಡ್ ಉಪಯೋಗಕ್ಕೆ ಬರುತ್ತದೆ, ಆದರೆ 2ಡಿ ಸಾಕು. ಲಿಬ್ರೆಕ್ಯಾಡ್ ಅಥವಾ ಇಂಕ್‌ಸ್ಕೇಪ್, ಎರಡೂ ಉಚಿತ. ತೂತುಗಳ ನಕ್ಷೆ ಬರೆದು ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, ಡಬ್ಬಿಯ ಮೇಲೆ ಅಂಟಿಸಿ, ಅದರ ಮೇಲೇ ಕೊರೆಯಿರಿ. ಪ್ರಿಂಟ್ ತೆಗೆಯುವಾಗ 'ಪುಟಕ್ಕೆ ಹೊಂದಿಸು' ಅನ್ನುವ ಟಿಕ್ ತೆಗೆದು 100% ಇಡಿ. ಹಾಳೆಯ ಮೂಲೆಯಲ್ಲಿ 50 ಮಿ.ಮೀ. ಗೆರೆಯೊಂದನ್ನು ಹಾಕಿಕೊಂಡಿದ್ದರೆ ಸ್ಕೇಲ್ ಇಟ್ಟು ಸರಿಯಿದೆಯಾ ಎಂದು ನೋಡಬಹುದು. ಹ್ಯಾಮಂಡ್‌ನಂಥ ಡಬ್ಬಿ ತಯಾರಕರು ತಮ್ಮ ಡಬ್ಬಿಗಳ 3ಡಿ ಫೈಲನ್ನೂ ಕೊಡುತ್ತಾರೆ. ಅದರೊಳಗೆ ನಿಮ್ಮ ಬೋರ್ಡ್ ಕೂರುತ್ತದಾ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಬಹುದು.

ಇಷ್ಟರಲ್ಲೇ ನಿಮ್ಮ ಕೆಲಸ ಆಗುವುದಾದರೆ ಮುಂದಿನದು ಓದದಿದ್ದರೂ ನಡೆಯುತ್ತದೆ.

ಹಂತ 2: ಯಾವುದರಲ್ಲಿ ಮಾಡಿಸುತ್ತೀರಿ, ಯಾವ ಫೈಲ್ ಕೊಡಬೇಕು

3ಡಿ ಪ್ರಿಂಟ್ ಮಾಡಿಸುವುದಾದರೆ ಎಸ್‌ಟಿಎಲ್ ಅಥವಾ 3ಎಂಎಫ್ ಸಾಕು. ಎಸ್‌ಟಿಎಲ್ ಅಂದರೆ ಬರೀ ಸಣ್ಣ ಸಣ್ಣ ತ್ರಿಕೋನಗಳ ಜಾಲರಿ. ದುಂಡನೆಯ ತೂತು ಕೂಡ ಅದರಲ್ಲಿ ಹಲವು ಬದಿಗಳ ಆಕೃತಿ ಅಷ್ಟೆ. "ಇದು 3.2 ಮಿ.ಮೀ. ತೂತು" ಅನ್ನುವ ಮಾಹಿತಿ ಅದರೊಳಗೆ ಇರುವುದಿಲ್ಲ. ಮಿಲಿಮೀಟರೋ ಇಂಚೋ ಎಂಬುದು ಕೂಡ ಬರೆದಿರುವುದಿಲ್ಲ. ಪ್ರಿಂಟರ್‌ಗೆ ಅದು ಸಾಕು.

ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಕೊರೆಯುವ ಮಷಿನ್‌ನಲ್ಲಿ) ಅಲ್ಯೂಮಿನಿಯಂ ಕೊರೆಸುವುದಾದರೆ, ಅಥವಾ ಮುಂದೆ ಅಚ್ಚು ಮಾಡಿಸಿ ಪ್ಲಾಸ್ಟಿಕ್ ಮೋಲ್ಡಿಂಗ್‌ಗೆ ಹೋಗುವುದಾದರೆ, ಸ್ಟೆಪ್ ಫೈಲ್ ಬೇಕೇ ಬೇಕು. ಅದರಲ್ಲಿ ತೂತು ತೂತಾಗಿಯೇ, ಸಮತಲ ಸಮತಲವಾಗಿಯೇ ಇರುತ್ತದೆ. ಯಾವ ಸಾಫ್ಟ್‌ವೇರ್‌ನವರಾದರೂ ತೆರೆದು ಅಳೆಯಬಹುದು, ತಿದ್ದಬಹುದು.

ತಗಡಿನ ಡಬ್ಬಿಯಾದರೆ ಲೇಸರ್ ಕಟಿಂಗ್‌ನವರು ಡಿಎಕ್ಸ್ಎಫ್ ಕೇಳುತ್ತಾರೆ. ಅಂದರೆ ಡಬ್ಬಿಯನ್ನು ಬಿಡಿಸಿ ಚಪ್ಪಟೆ ಹಾಸಿದ ನಕ್ಷೆ. ಇಲ್ಲೊಂದು ಕಿವಿಮಾತು. ತಗಡು ಬಗ್ಗಿಸುವಾಗ ಮಡಿಕೆಯಲ್ಲಿ ಸ್ವಲ್ಪ ಹಿಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಎಂಬುದು ತಗಡಿನ ದಪ್ಪ, ಅವರ ಮಷಿನ್, ಅವರು ಹಾಕುವ ಡೈ ಇವುಗಳ ಮೇಲೆ ನಿಂತಿದೆ. ನೀವು ಮನೆಯಲ್ಲಿ ಕೂತು ಲೆಕ್ಕ ಹಾಕಿದ ಚಪ್ಪಟೆ ಅಳತೆ ಅವರ ಮಷಿನ್‌ಗೆ ಹೊಂದದೇ ಹೋಗಬಹುದು. ಸ್ಟೆಪ್ ಫೈಲನ್ನೂ ಜೊತೆಗೆ ಕೊಟ್ಟು, "ಬಿಡಿಸುವುದನ್ನು ನಿಮ್ಮ ಲೆಕ್ಕದಲ್ಲೇ ಮಾಡಿಕೊಳ್ಳಿ" ಎಂದುಬಿಡುವುದು ಒಳ್ಳೆಯದು. ಇನ್ನೊಂದು ವಿಷಯ: ಒಳಗೆ ವೈಫೈ ಇದ್ದರೆ ಪೂರ್ತಿ ತಗಡಿನ ಡಬ್ಬಿ ಸಿಗ್ನಲ್ ನುಂಗಿಬಿಡುತ್ತದೆ. ಆಂಟೆನಾ ಹೊರಗೆ ತರಬೇಕು, ಇಲ್ಲವೇ ಒಂದು ಬದಿ ಪ್ಲಾಸ್ಟಿಕ್ ಇಡಬೇಕು.

ಮೋಲ್ಡಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಚ್ಚಿಗೆ ಲಕ್ಷಗಳಲ್ಲಿ ಖರ್ಚಾಗುತ್ತದೆ, ಸಾವಿರಾರು ಪೀಸ್ ಇದ್ದರೆ ಮಾತ್ರ ಅದರ ಕಡೆ ತಲೆ ಹಾಕಬೇಕು. ಆದರೆ ಆ ದಾರಿ ಹಿಡಿಯುವ ಯೋಚನೆ ಇದ್ದರೆ ಗೋಡೆಗಳಿಗೆ 1ರಿಂದ 2 ಡಿಗ್ರಿ ಓರೆ ಕೊಡುವ ಸೌಲಭ್ಯ ಸಾಫ್ಟ್‌ವೇರ್‌ನಲ್ಲಿ ಇರಬೇಕು. ಓರೆ ಇಲ್ಲದ ಡಬ್ಬಿ ಅಚ್ಚಿನಿಂದ ಬಿಟ್ಟು ಬರುವುದೇ ಇಲ್ಲ.

ಈಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಎಷ್ಟು ಪೀಸ್, ಯಾವ ವಿಧಾನ, ಯಾವ ಫೈಲ್. ನನ್ನ ಚೀಟಿ ಹೀಗಿರಬೇಕಿತ್ತು: "ಈಗ 1, ಮುಂದೆ 20, ಮೊದಲು ಪ್ರಿಂಟ್, ಆಮೇಲೆ ಸಿಎನ್‌ಸಿ, ಎಸ್‌ಟಿಎಲ್ ಮತ್ತು ಸ್ಟೆಪ್." ಇದನ್ನು ಬರೆಯಲು ಎರಡು ನಿಮಿಷ ಸಾಕಿತ್ತು. ಬರೆಯದೆ ಮೂರು ವಾರ ಕಳೆದುಕೊಂಡೆ.

ಹಂತ 3: ಮಾರುತ್ತೀರಾ, ಸ್ವಂತಕ್ಕಾ?

'ಉಚಿತ' ಅನ್ನುವ ಪದದ ಹಿಂದೆ ಏನಿದೆ ಎಂದು ಇಲ್ಲಿ ನೋಡಬೇಕು. ಬಹಳ ಸಾಫ್ಟ್‌ವೇರ್‌ಗಳು ಹವ್ಯಾಸಕ್ಕೆ ಮಾತ್ರ ಉಚಿತ. ಭಾವನಿಗೆ ಒಂದು ಮಾಡಿಕೊಟ್ಟರೆ ಅಡ್ಡಿಯಿಲ್ಲ. ಪಕ್ಕದ ತೋಟದವರು "ನಮಗೂ ಒಂದು ಮಾಡ್ಕೊಡಿ, ದುಡ್ಡು ಕೊಡ್ತೀವಿ" ಎಂದ ಕೂಡಲೇ ಲೆಕ್ಕ ಬದಲಾಗುತ್ತದೆ.

ಉದಾಹರಣೆಗೆ ಆಟೋಡೆಸ್ಕ್ ಫ್ಯೂಷನ್‌ನ ವೈಯಕ್ತಿಕ ಲೈಸೆನ್ಸ್ ನೋಡಿ. ದುಡ್ಡಿಲ್ಲ, ಆದರೆ ವ್ಯಾಪಾರಕ್ಕಲ್ಲ. ವರ್ಷಕ್ಕೆ 1,000 ಡಾಲರ್ ಆದಾಯದ ಮಿತಿ ಇದೆ, ಒಂದು ಸಲಕ್ಕೆ ತಿದ್ದಬಹುದಾದ ಫೈಲ್‌ಗಳು 10 ಮಾತ್ರ. ಉಳಿದವನ್ನು ಓದಲು ಮಾತ್ರ ಇಟ್ಟು, ಬೇಕಾದಾಗ ಬದಲಾಯಿಸಿಕೊಳ್ಳಬೇಕು. ಆನ್‌ಶೇಪ್‌ನ ಉಚಿತ ಖಾತೆಯಲ್ಲಿ ಮಾಡಿದ್ದೆಲ್ಲ ಸಾರ್ವಜನಿಕ. ನಿಮ್ಮ ಡಬ್ಬಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು, ನಕಲು ಮಾಡಿಕೊಳ್ಳಬಹುದು. ಸೀಮನ್ಸ್‌ನ ಸಾಲಿಡ್ ಎಡ್ಜ್ ಕಮ್ಯುನಿಟಿ ಆವೃತ್ತಿ ಬಲವಾದ ಸಾಫ್ಟ್‌ವೇರ್, ಪುಕ್ಕಟೆ. ಅದೂ ವ್ಯಾಪಾರಕ್ಕಲ್ಲ, ಅದರ ಫೈಲ್‌ಗಳು ದುಡ್ಡು ಕೊಟ್ಟ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಸಾಲಿಡ್‌ವರ್ಕ್ಸ್‌ನ ಮೇಕರ್ ಲೈಸೆನ್ಸ್ ಪೂರ್ತಿ ಲೈಸೆನ್ಸ್‌ನ ಬೆಲೆಯ ಮುಂದೆ ಚಿಲ್ಲರೆ ಕಾಸು, ಆದರೆ ಅಲ್ಲಿಯೂ ಫೈಲ್‌ಗಳಿಗೆ ಇದೇ ಬೇಲಿ.

ಫ್ರೀಕ್ಯಾಡ್, ಓಪನ್‌ಸ್ಕ್ಯಾಡ್, ಕ್ಯಾಡ್‌ಕ್ವೆರಿಗಳಿಗೆ ಇಂಥ ಬೇಲಿ ಇಲ್ಲ. ಒಂದು ಮಾಡಿ, ಲಕ್ಷ ಮಾಡಿ ಮಾರಿ, ಯಾರೂ ಕೇಳುವುದಿಲ್ಲ.

ಇಲ್ಲಿ 2020ರ ಒಂದು ಪ್ರಸಂಗ ನೆನಪಿಸಿಕೊಳ್ಳಬೇಕು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಫ್ಯೂಷನ್‌ನವರು ವೈಯಕ್ತಿಕ ಲೈಸೆನ್ಸ್‌ನ ಹಲವು ಸೌಲಭ್ಯಗಳನ್ನು ಕಿತ್ತುಹಾಕುವುದಾಗಿ ಹೇಳಿದರು. ಆ ಪಟ್ಟಿಯಲ್ಲಿ ಸ್ಟೆಪ್ ಎಕ್ಸ್‌ಪೋರ್ಟ್ ಕೂಡ ಇತ್ತು. ಬಳಕೆದಾರರು ಗಲಾಟೆ ಎಬ್ಬಿಸಿದ ಮೇಲೆ ಸ್ಟೆಪ್ ಒಂದನ್ನು ಉಳಿಸಿದರು. ಅಂದರೆ, ಪುಕ್ಕಟೆ ಕೊಟ್ಟವರು ನಾಳೆ ವಾಪಸ್ ತೆಗೆದುಕೊಳ್ಳಬಹುದು. ಲೈಸೆನ್ಸ್ ನಿಯಮಗಳನ್ನು ಇಳಿಸಿಕೊಳ್ಳುವ ದಿನವೇ ಕಂಪನಿಯ ಪುಟದಲ್ಲಿ ಒಮ್ಮೆ ಓದಿ. ನಾನು ಮೇಲೆ ಬರೆದದ್ದು ಕೂಡ ಬದಲಾಗುವಂಥದ್ದೇ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಬಗ್ಗೆ ಒಂದೇ ಮಾತು: ಇಷ್ಟೆಲ್ಲ ಉಚಿತವಾಗಿ ಸಿಗುವಾಗ ಅದರ ತಂಟೆ ಯಾಕೆ?

ಹಂತ 4: ಅಭ್ಯರ್ಥಿಗಳನ್ನು ಒಂದೊಂದಾಗಿ ನೋಡೋಣ

ಟಿಂಕರ್‌ಕ್ಯಾಡ್: ಬ್ರೌಸರ್‌ನಲ್ಲೇ ಓಡುತ್ತದೆ. ಮಕ್ಕಳ ಆಟಿಕೆ ತುಂಡುಗಳನ್ನು ಜೋಡಿಸಿದ ಹಾಗೆ ಪೆಟ್ಟಿಗೆ, ಕೊಳವೆ ಜೋಡಿಸುವುದು. ಅರ್ಧ ಗಂಟೆಯಲ್ಲಿ ಡಬ್ಬಿ ಆಗುತ್ತದೆ. ನಾನು ಮೂರು ವಾರ ಕೂತದ್ದು ಇದರಲ್ಲೇ, ಚೆಂದ ಮಾಡಲು ಹೋಗಿ. ಒಂದೇ ಡಬ್ಬಿ, ಒಂದೇ ಪ್ರಿಂಟ್ ಆದರೆ ಇದು ಸಾಕು, ಯಾರ ಮಾತಿಗೂ ನಾಚಬೇಡಿ. ಆದರೆ ಸ್ಟೆಪ್ ಬರುವುದಿಲ್ಲ. ಬೋರ್ಡ್ ಉದ್ದ 10 ಮಿ.ಮೀ. ಹೆಚ್ಚಾದರೆ ಪ್ರತಿ ತುಂಡನ್ನೂ ಕೈಯಲ್ಲೇ ಸರಿಸಬೇಕು.

ಓಪನ್‌ಸ್ಕ್ಯಾಡ್: ಮೌಸ್‌ನಿಂದ ಬರೆಯುವುದಿಲ್ಲ, ಕೋಡ್ ಬರೆಯಬೇಕು. ಆರ್ಡುಯಿನೋ ಕೋಡ್ ಬರೆದು ಅಭ್ಯಾಸ ಇರುವವರಿಗೆ ಇದು ಮನೆಯ ಹಾಗೆ ಅನಿಸುತ್ತದೆ. ಗೋಡೆ ದಪ್ಪ ಎಂದು ಮೇಲೊಂದು ಸಾಲು ಬರೆದು ಅದನ್ನು ಬದಲಿಸಿದರೆ ಡಬ್ಬಿ ಪೂರ್ತಿ ಬದಲಾಗುತ್ತದೆ. ಡಬ್ಬಿಗೆಂದೇ ಬರೆದಿಟ್ಟ ಯಾಪ್ ಎಂಬ ಲೈಬ್ರರಿ ಉಚಿತವಾಗಿ ಸಿಗುತ್ತದೆ. ಬೋರ್ಡ್ ಅಳತೆ, ತೂತುಗಳ ಜಾಗ ಕೊಟ್ಟರೆ ಮುಚ್ಚಳದ ಸಮೇತ ಡಬ್ಬಿ ಸಿದ್ಧ. ಆದರೆ ಸ್ಟೆಪ್ ಇದರಲ್ಲೂ ಬರುವುದಿಲ್ಲ, ಮೂಲೆಗಳನ್ನು ನುಣುಪು ಮಾಡುವುದು ಕಿರಿಕಿರಿ. 2021.01 ಎಂಬ ಹಳೆಯ ಆವೃತ್ತಿ ದೊಡ್ಡ ಆಕೃತಿಗಳಿಗೆ ತೀರಾ ನಿಧಾನ. ಅಭಿವೃದ್ಧಿಯಲ್ಲಿರುವ ಹೊಸ ಆವೃತ್ತಿ ಇಳಿಸಿಕೊಂಡರೆ ಎತ್ತಿನಗಾಡಿ ಬಿಟ್ಟು ರೈಲು ಹತ್ತಿದಷ್ಟು ವ್ಯತ್ಯಾಸ. ಪೈಥಾನ್ ಬಲ್ಲವರು ಕ್ಯಾಡ್‌ಕ್ವೆರಿ ಅಥವಾ ಬಿಲ್ಡ್123ಡಿ ನೋಡಿ. ಅವೂ ಕೋಡ್‌ನಲ್ಲೇ, ಸ್ಟೆಪ್ ಕೂಡ ಕೊಡುತ್ತವೆ.

ಫ್ರೀಕ್ಯಾಡ್: ಮೊದಲ ವಾರ ಕೋಪ ಬರಿಸುತ್ತದೆ. ಬಟನ್‌ಗಳು ಎಲ್ಲೆಲ್ಲೋ ಇವೆ, ವರ್ಕ್‌ಬೆಂಚ್ ಎಂಬ ಹೆಸರಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆ. ಹಿಂದೆ ಇನ್ನೊಂದು ದೊಡ್ಡ ತೊಂದರೆ ಇತ್ತು. ಒಂದು ಅಳತೆ ಬದಲಿಸಿದರೆ ಡಬ್ಬಿಯ ಮುಖಗಳ ಒಳಗಿನ ಹೆಸರುಗಳು ಅದಲು ಬದಲಾಗಿ, ಮುಂದಿನ ತೂತುಗಳೆಲ್ಲ ತಪ್ಪು ಗೋಡೆಗೆ ಹೋಗಿ ಕೂರುತ್ತಿದ್ದವು. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಲ್ಲಿ ಇದನ್ನು ಬಹುಮಟ್ಟಿಗೆ ಸರಿಪಡಿಸಿದ್ದಾರೆ. ಹಳೆಯ ವಿಡಿಯೋ ನೋಡಿ "ಇದು ಆಗಲ್ಲ" ಎಂದು ಬಿಟ್ಟವರು ಈಗ ಮತ್ತೆ ನೋಡಬೇಕು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಇಂಟರ್ನೆಟ್ ಬೇಡ. ತಗಡಿನ ಕೆಲಸಕ್ಕೆ ಶೀಟ್ ಮೆಟಲ್ ಎಂಬ ಆಡ್‌ಆನ್ ಇದೆ.

ಫ್ಯೂಷನ್: ಕಲಿಯುವುದು ಸುಲಭ, ಕೈಗೆ ಹಿತ. ಯೂಟ್ಯೂಬ್‌ನಲ್ಲಿ ಪಾಠಗಳಿಗೆ ಬರ ಇಲ್ಲ. ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ. ಫೈಲ್‌ಗಳು ಅವರ ಕ್ಲೌಡ್‌ನಲ್ಲಿ ಇರುತ್ತವೆ. ಓದುತ್ತಿರುವ ವಿದ್ಯಾರ್ಥಿಗಳಿಗೆ ಶಿಕ್ಷಣ ಲೈಸೆನ್ಸ್ ಬೇರೆಯೇ ಇದೆ, ಅದನ್ನು ತೆಗೆದುಕೊಳ್ಳಿ.

ಆನ್‌ಶೇಪ್: ನಿಮ್ಮ ಲ್ಯಾಪ್‌ಟಾಪ್ ಹಳೆಯದಾ? ಇದು ಬ್ರೌಸರ್‌ನಲ್ಲಿ ಓಡುವುದರಿಂದ ಲೆಕ್ಕಾಚಾರವೆಲ್ಲ ಅವರ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ. ಸಾಲಿಡ್‌ವರ್ಕ್ಸ್ ಶುರುಮಾಡಿದವರಲ್ಲಿ ಕೆಲವರೇ ಇದನ್ನೂ ಕಟ್ಟಿದ್ದು, 2019ರಲ್ಲಿ ಪಿಟಿಸಿ ಕಂಪನಿ ಕೊಂಡುಕೊಂಡಿತು. ಕೆಲಸದಲ್ಲಿ ದೂರು ಹೇಳುವಂತಿಲ್ಲ. ಆದರೆ ಕರೆಂಟ್ ಹೋಗಿ ವೈಫೈ ಆರಿದರೆ ಸುಮ್ನೆ ಕೂರಬೇಕು.

ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಇಟ್ಟುಕೊಳ್ಳುವ ಇಷ್ಟ ಇರುವವರಿಗೆ ಅಲಿಬ್ರೆ ಆಟಮ್3ಡಿ ಇದೆ, ವಿಂಡೋಸ್‌ಗೆ ಮಾತ್ರ. ಡಬ್ಬಿ ಮಾರುವ ಸಣ್ಣ ಉದ್ಯಮಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟುವುದಕ್ಕಿಂತ ಇದು ವಾಸಿ. ಬ್ಲೆಂಡರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಸಿನಿಮಾ, ಅನಿಮೇಷನ್‌ಗೆ ಹೇಳಿ ಮಾಡಿಸಿದ್ದು. ಮಿಲಿಮೀಟರ್ ಲೆಕ್ಕದ ಡಬ್ಬಿಗೆ ಅಲ್ಲ.

ನನ್ನನ್ನು ಕೇಳಿದರೆ: ಮಾರುವ ಯೋಚನೆ ಚೂರಾದರೂ ಇದ್ದರೆ ಫ್ರೀಕ್ಯಾಡ್. ಬರೀ ಹವ್ಯಾಸ, ಬೇಗ ಆಗಬೇಕು ಅಂದರೆ ಫ್ಯೂಷನ್. ಆದರೆ ನನ್ನ ಮಾತಿಗಿಂತ ಮುಂದಿನ ಹಂತದ ಪರೀಕ್ಷೆಯನ್ನು ನಂಬಿ.

ಹಂತ 5: ಒಂದು ಶನಿವಾರದ ಪರೀಕ್ಷೆ

ಎರಡು ಸಾಫ್ಟ್‌ವೇರ್ ಆರಿಸಿಕೊಳ್ಳಿ. ಎರಡರಲ್ಲೂ ಒಂದೇ ಡಬ್ಬಿ ಮಾಡಿ. ಇಲ್ಲಿ ಫ್ರೀಕ್ಯಾಡ್‌ನಲ್ಲಿ ನಾನು ಮಾಡಿದ್ದನ್ನು ವಿವರವಾಗಿ ಹೇಳುತ್ತೇನೆ. ಬೇರೆಯದರಲ್ಲಿ ಬಟನ್‌ಗಳ ಹೆಸರು ಬೇರೆ, ಕ್ರಮ ಹೆಚ್ಚು ಕಡಿಮೆ ಇದೇ.

ಮೊದಲು ಕ್ಯಾಲಿಪರ್ ಹಿಡಿದು ಅಳೆಯಿರಿ. ಡಿಜಿಟಲ್ ಕ್ಯಾಲಿಪರ್ ಇಲ್ಲದಿದ್ದರೆ ಸಾಫ್ಟ್‌ವೇರ್ ಬಿಟ್ಟು ಮೊದಲು ಅದನ್ನು ಕೊಳ್ಳಿ. ನನ್ನ ಬೋರ್ಡ್ 70 × 50 ಮಿ.ಮೀ., ದಪ್ಪ 1.6. ಸುತ್ತ 1 ಮಿ.ಮೀ. ಸಡಿಲ ಬಿಟ್ಟರೆ ಸಾಕು ಎಂದು ಮೊದಲ ಸಲ ಒಳ ಅಳತೆಯನ್ನು 72 × 52 ಇಟ್ಟಿದ್ದೆ. ಪ್ರಿಂಟ್ ಬಂದ ಮೇಲೆ ಬೋರ್ಡ್ ಸೊಗಸಾಗಿ ಕೂತಿತು. ವೈರ್ ಹಾಕಲು ಹೋದರೆ ಜಾಗವೇ ಇಲ್ಲ! ಸ್ಕ್ರೂ ಟರ್ಮಿನಲ್‌ಗೆ ವೈರ್ ಪಕ್ಕದಿಂದ ಬಂದು ಬಗ್ಗಿ ಒಳಗೆ ಹೋಗಬೇಕು ಅನ್ನುವುದು ಹೊಳೆದಿರಲಿಲ್ಲ. ಎರಡನೇ ಸಲ ಆ ಬದಿಗೆ 15 ಮಿ.ಮೀ. ಬಿಟ್ಟೆ. ಒಳ ಉದ್ದ 70 + 1 + 15, ಅಂದರೆ 86.

ಎತ್ತರದ ಲೆಕ್ಕ: ಕೆಳಗಿನ ಕಂಬಗಳು 5, ಬೋರ್ಡ್ 1.6, ಸಾಕೆಟ್ ಮೇಲೆ ಕೂತ ಇಎಸ್‌ಪಿ32 ಸುಮಾರು 16, ಮೇಲೆ 3 ಗಾಳಿ. ಒಟ್ಟು 25.6, ಅದನ್ನು 26 ಮಾಡಿದೆ. ಗೋಡೆ 2.4. ಪ್ರಿಂಟರ್ ನಾಜಲ್ (ಪ್ಲಾಸ್ಟಿಕ್ ಹೊರಬರುವ ಮೂತಿ) 0.4 ಇದ್ದಾಗ ಗೋಡೆಯನ್ನು ಅದರ ಪಟ್ಟಿನಲ್ಲಿ ಇಟ್ಟರೆ ಗೆರೆಗಳ ನಡುವೆ ಸಂದಿ ಉಳಿಯುವುದಿಲ್ಲ.

ಫ್ರೀಕ್ಯಾಡ್ ತೆರೆದು ಮೊದಲು ಸ್ಪ್ರೆಡ್‌ಶೀಟ್ ವರ್ಕ್‌ಬೆಂಚ್‌ಗೆ ಹೋಗಿ. ಬೋರ್ಡ್ ಉದ್ದ, ಬೋರ್ಡ್ ಅಗಲ, ಗೋಡೆ, ಕಂಬದ ಎತ್ತರ, ವೈರ್ ಜಾಗ. ಒಂದೊಂದನ್ನೂ ಒಂದೊಂದು ಸೆಲ್‌ನಲ್ಲಿ ಬರೆದು ಪ್ರತಿ ಸೆಲ್‌ಗೂ ಅಡ್ಡಹೆಸರು ಕೊಡಿ. ಆಮೇಲೆ ಪಾರ್ಟ್ ಡಿಸೈನ್ ವರ್ಕ್‌ಬೆಂಚ್‌ಗೆ ಬಂದು ಹೊಸ ಬಾಡಿ, ಅದರೊಳಗೆ ಕೆಳಗಿನ ಸಮತಲದ ಮೇಲೆ ಸ್ಕೆಚ್. ಒಂದು ಆಯತ ಎಳೆಯಿರಿ. ಅಳತೆ ಕೊಡುವಾಗ ಸಂಖ್ಯೆ ಬರೆಯಬೇಡಿ, ಸಮ ಚಿಹ್ನೆ ಒತ್ತಿ ಸ್ಪ್ರೆಡ್‌ಶೀಟ್‌ನ ಅಡ್ಡಹೆಸರುಗಳಿಂದ ಸೂತ್ರ ಬರೆಯಿರಿ. ನನ್ನ ಹೊರ ಅಳತೆ 90.8 × 56.8 ಬಂತು. ಪ್ಯಾಡ್ ಬಟನ್ ಒತ್ತಿ ಎತ್ತರ ಕೊಟ್ಟರೆ ಗಟ್ಟಿ ಇಟ್ಟಿಗೆ ಸಿದ್ಧ.

ಈಗ ನಾಲ್ಕು ನಿಂತ ಅಂಚುಗಳನ್ನು ಫಿಲೆಟ್‌ನಿಂದ ದುಂಡು ಮಾಡಿ. ಆಮೇಲೆ ಮೇಲಿನ ಮುಖ ಆರಿಸಿ ಥಿಕ್‌ನೆಸ್ ಒತ್ತಿದರೆ ಒಳಗೆ ಟೊಳ್ಳಾಗುತ್ತದೆ. ದಪ್ಪ ಒಳಮುಖವಾಗಿ ಇರಬೇಕು ಅನ್ನುವ ಟಿಕ್ ಹಾಕುವುದನ್ನು ಮರೆಯಬೇಡಿ, ಇಲ್ಲವಾದರೆ ಡಬ್ಬಿ ಹೊರಕ್ಕೆ ಬೆಳೆಯುತ್ತದೆ. ನಾನಿಲ್ಲಿ ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡಿದ್ದೇನೆ. ಥಿಕ್‌ನೆಸ್ ಒತ್ತಿದಾಗಲೆಲ್ಲ ಎರರ್. ಕಾರಣ ಇಷ್ಟೇ: ಮೂಲೆಯ ತ್ರಿಜ್ಯ 2 ಇಟ್ಟಿದ್ದೆ, ಗೋಡೆ 2.4. ಒಳಮೂಲೆಯ ತ್ರಿಜ್ಯ ಸೊನ್ನೆಗಿಂತ ಕೆಳಗೆ ಹೋಗಬೇಕಾಯಿತು, ಅದು ಹೇಗೆ ಸಾಧ್ಯ? ತ್ರಿಜ್ಯ 4 ಮಾಡಿದೆ, ಒಳಗೆ 1.6 ಉಳಿಯಿತು, ತಕ್ಷಣ ಆಯಿತು.

ಒಳಗಿನ ನೆಲದ ಮೇಲೆ ಮತ್ತೊಂದು ಸ್ಕೆಚ್ ಮಾಡಿ ನಾಲ್ಕು ವೃತ್ತ ಹಾಕಿ, 5 ಮಿ.ಮೀ. ಎತ್ತಿ. ಅವೇ ಕಂಬಗಳು. ಎಂ3 (3 ಮಿ.ಮೀ.) ಸ್ಕ್ರೂ ಹಿಡಿಯುವ ಹಿತ್ತಾಳೆ ಇನ್ಸರ್ಟ್ ಬಿಸಿ ಮಾಡಿ ಒತ್ತುವುದಾದರೆ ಕಂಬದ ತೂತು 4 ಮಿ.ಮೀ. ಸುಮಾರು, ಕಂಬದ ಹೊರ ಅಳತೆ 8. ನೀವು ತಂದ ಇನ್ಸರ್ಟನ್ನೇ ಅಳೆದು ನೋಡಿ, ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸ ಇರುತ್ತದೆ. ಮುಚ್ಚಳದ ತುಟಿ ಒಳಗೆ ಕೂರುವ ಕಡೆ ಪ್ರತಿ ಬದಿಗೂ 0.25 ಮಿ.ಮೀ. ಸಡಿಲ ಬಿಡಿ.

ಒಂದು ಗೋಡೆಯಲ್ಲಿ ಯುಎಸ್‌ಬಿ ಕೇಬಲ್‌ಗೆ ಕಿಂಡಿಯನ್ನೂ ಕೊರೆಯಿರಿ (ಅದರ ಅಳತೆ ಹಂತ 6ರಲ್ಲಿ ಇದೆ). ಇಲ್ಲಿಗೆ ಡಬ್ಬಿ ಆಯಿತು. ನಿಜವಾದ ಪರೀಕ್ಷೆ ಈಗ ಶುರು. ಸ್ಪ್ರೆಡ್‌ಶೀಟ್‌ಗೆ ಹೋಗಿ ಬೋರ್ಡ್ ಉದ್ದ 70 ಇದ್ದದ್ದನ್ನು 80 ಮಾಡಿ. ಡಬ್ಬಿ ಉದ್ದವಾಯಿತಾ? ಕಂಬಗಳು ಬೋರ್ಡಿನ ತೂತಿನ ಜೊತೆಗೇ ಸರಿದವಾ? ಯುಎಸ್‌ಬಿ ಕಿಂಡಿ ಅದರ ಗೋಡೆಯಲ್ಲೇ ಉಳಿಯಿತಾ? ಯಾವ ಸಾಫ್ಟ್‌ವೇರ್‌ನಲ್ಲಿ ಈ ಬದಲಾವಣೆ ನಿಮ್ಮ ಕೈಯಲ್ಲಿ ಸಲೀಸಾಗಿ ಆಗುತ್ತದೋ ಅದು ನಿಮ್ಮದು. ಎಲೆಕ್ಟ್ರಾನಿಕ್ಸ್‌ನಲ್ಲಿ ಬೋರ್ಡ್ ಒಂದೇ ಸಲಕ್ಕೆ ಸರಿಹೋದ ಚರಿತ್ರೆ ಇಲ್ಲ. ಬೋರ್ಡ್ ಬದಲಾದಾಗಲೆಲ್ಲ ಡಬ್ಬಿಯೂ ಬದಲಾಗಲೇಬೇಕು.

ಹಂತ 6: ಬೋರ್ಡನ್ನು ಒಳಗೆ ತನ್ನಿ

ಪಿಸಿಬಿ (ಸರ್ಕ್ಯೂಟ್ ಬೋರ್ಡ್) ನೀವೇ ಮಾಡಿದ್ದರೆ ಅಳೆದು ಅಳೆದು ತೂತು ಹಾಕುವ ಕಷ್ಟ ಬೇಡ. ಬೋರ್ಡ್ ನಕ್ಷೆ ಬರೆಯುವ ಕೈಕ್ಯಾಡ್ ಸಾಫ್ಟ್‌ವೇರ್ ಉಚಿತ, ಅದರ ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಲ್ಲಿ ಸ್ಟೆಪ್ ಇದೆ. ಬೋರ್ಡು, ಅದರ ಮೇಲಿನ ಕನೆಕ್ಟರ್‌ಗಳು ಎಲ್ಲ 3ಡಿಯಲ್ಲಿ ಹೊರಬರುತ್ತವೆ. ಫ್ರೀಕ್ಯಾಡ್‌ನಲ್ಲಿ ಇಂಪೋರ್ಟ್ ಮಾಡಿದರೆ ಡಬ್ಬಿಯೊಳಗೆ ಇಟ್ಟು ನೋಡಬಹುದು. ಎಕ್ಸ್‌ಪೋರ್ಟ್ ಮಾಡುವಾಗ ಮೂಲಬಿಂದು ಯಾವುದು ಎಂದು ಕೇಳುತ್ತದೆ. ಪ್ರತಿ ಸಲ ಒಂದೇ ಬಿಂದು ಕೊಡಿ, ಇಲ್ಲವಾದರೆ ಹೊಸ ಬೋರ್ಡ್ ತಂದಾಗ ಡಬ್ಬಿಯ ಹೊರಗೆಲ್ಲೋ ಬಂದು ಬೀಳುತ್ತದೆ.

ಇಲ್ಲೊಂದು ಗುಂಡಿ ಇದೆ. ಯಾವ ಬಿಡಿಭಾಗಕ್ಕೆ 3ಡಿ ಮಾದರಿ ಜೋಡಿಸಿಲ್ಲವೋ ಅದು ಸ್ಟೆಪ್‌ನಲ್ಲಿ ಕಾಣಿಸುವುದಿಲ್ಲ. ಅಲ್ಲಿ ಬರೀ ಖಾಲಿ ಹಸಿರು ಬೋರ್ಡ್. "ಜಾಗ ಬೇಕಾದಷ್ಟಿದೆ" ಎಂದು ಮುಚ್ಚಳ ಕೆಳಗಿಳಿಸಿದರೆ ಅದು ಕೆಪಾಸಿಟರ್ ತಲೆಯ ಮೇಲೆ ಕೂರುತ್ತದೆ. ಎಕ್ಸ್‌ಪೋರ್ಟ್‌ಗೆ ಮೊದಲು ಕೈಕ್ಯಾಡ್‌ನ 3ಡಿ ನೋಟ ತೆರೆದು, ಕೈಯಲ್ಲಿ ನಿಜವಾದ ಬೋರ್ಡ್ ಹಿಡಿದು, ಒಂದೊಂದೇ ಹೋಲಿಸಿ.

ಫ್ರೀಕ್ಯಾಡ್‌ಗೆ ಸ್ಟೆಪ್‌ಅಪ್ ಎಂಬ ಆಡ್‌ಆನ್ ಇದೆ. ಕೈಕ್ಯಾಡ್ ಬೋರ್ಡನ್ನು ನೇರವಾಗಿ ತೆರೆಯುತ್ತದೆ. ಡಬ್ಬಿಯಲ್ಲಿ ಬರೆದ ಹೊರರೇಖೆಯನ್ನು ವಾಪಸ್ ಬೋರ್ಡಿಗೂ ಕಳಿಸುತ್ತದೆ. ವಿಚಿತ್ರ ಆಕಾರದ ಡಬ್ಬಿ ಇದ್ದರೆ ಇದರಿಂದ ಬಹಳ ಉಪಕಾರ.

ಕೊಂಡು ತಂದ ಬೋರ್ಡ್ ಆದರೆ? ರಾಸ್ಪ್‌ಬೆರಿ ಪೈ 2, 3, 4ರ ಮಾದರಿ ಬಿ ಬೋರ್ಡ್‌ಗಳು 85 × 56 ಮಿ.ಮೀ., ತೂತುಗಳ ಅಂತರ 58 × 49, ಸ್ಕ್ರೂ ಎಂ2.5. ಇವು ಅಧಿಕೃತ ನಕ್ಷೆಯಲ್ಲೇ ಸಿಗುತ್ತವೆ. ಆದರೆ ಮಾದರಿಯಿಂದ ಮಾದರಿಗೆ ಕನೆಕ್ಟರ್‌ಗಳ ಜಾಗ ಬದಲಾಗಿದೆ, ನೋಡಿಕೊಳ್ಳಿ. ಇಎಸ್‌ಪಿ32 ಡೆವ್‌ಕಿಟ್ ಹೆಸರಿನಲ್ಲಿ ಸಿಗುವ ಬೋರ್ಡ್‌ಗಳ ಅಗಲವಂತೂ ಒಂದೊಂದು ತಯಾರಕರದು ಒಂದೊಂದು. ನೆಟ್‌ನಲ್ಲಿ ಸಿಕ್ಕ ಮಾದರಿಯನ್ನು ನಂಬಿ ಡಬ್ಬಿ ಮಾಡಬೇಡಿ.

ಯುಎಸ್‌ಬಿ ಕಿಂಡಿಯ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಬೋರ್ಡ್ ಮೇಲಿನ ಟೈಪ್-ಸಿ ಸಾಕೆಟ್ ಸುಮಾರು 9 × 3.2 ಮಿ.ಮೀ. ನಾನು ಅದಕ್ಕೆ ಸರಿಯಾಗಿ 9.5 × 3.7 ಕಿಂಡಿ ಕೊರೆದೆ, ಸ್ಕ್ರೀನಿನಲ್ಲಿ ಬಲು ಅಂದ. ಕೇಬಲ್ ಹಾಕಲು ಹೋದರೆ ಅದರ ಪ್ಲಾಸ್ಟಿಕ್ ಮೈ ಗೋಡೆಗೆ ತಾಗಿ ನಿಂತಿತು. ಪಿನ್ ಸಾಕೆಟ್‌ವರೆಗೆ ಹೋಗಲೇ ಇಲ್ಲ. ಕೇಬಲ್‌ನ ಮೈ ಸುಮಾರು 12.4 × 6.5 ಮಿ.ಮೀ.ವರೆಗೆ ಇರುತ್ತದೆ. ಕಿಂಡಿ ಅದಕ್ಕೆ ತಕ್ಕಂತೆ 13 × 7 ಇರಬೇಕು, ಇಲ್ಲವೇ ಅಲ್ಲಿ ಮಾತ್ರ ಗೋಡೆಯನ್ನು ಹೊರಗಿನಿಂದ ತೆಳ್ಳಗೆ ಮಾಡಬೇಕು. ಅಂದಿನಿಂದ ನಾನು ಬೋರ್ಡ್ ಜೊತೆಗೆ ಕೇಬಲ್‌ನ ತುದಿಯನ್ನೂ ಒಂದು ಇಟ್ಟಿಗೆಯಾಗಿ ಕ್ಯಾಡ್‌ನಲ್ಲಿ ಇಟ್ಟುಕೊಳ್ಳುತ್ತೇನೆ.

ಹಂತ 7: ಪೂರ್ತಿ ಪ್ರಿಂಟ್‌ಗೆ ಮೊದಲು ಒಂದು ತುಂಡು

ಇಡೀ ಡಬ್ಬಿ ಪ್ರಿಂಟ್ ಆಗಲು ಗಂಟೆಗಟ್ಟಲೆ ಬೇಕು. ಹೊರಗೆ ಕೊಟ್ಟರೆ ಗ್ರಾಂ ಲೆಕ್ಕದಲ್ಲಿ ದುಡ್ಡು. ಅದಕ್ಕೇ ಯುಎಸ್‌ಬಿ ಇರುವ ಗೋಡೆ ಮತ್ತು ಅದರ ಪಕ್ಕದ ಎರಡು ಕಂಬ ಮಾತ್ರ ಉಳಿಸಿ, ಉಳಿದದ್ದನ್ನು ಕ್ಯಾಡ್‌ನಲ್ಲಿ ಕತ್ತರಿಸಿ, ಆ ತುಂಡನ್ನಷ್ಟೇ ಪ್ರಿಂಟ್ ಮಾಡಿ ನೋಡಿ. ಬೋರ್ಡ್ ಕೂರಿಸಿ, ಸ್ಕ್ರೂ ಹಾಕಿ, ಕೇಬಲ್ ಚುಚ್ಚಿ. ತಪ್ಪಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಬಿಸಿಲಿಗೆ ಇಡುವ ಡಬ್ಬಿಗೆ ಪಿಎಲ್ಎ ಬೇಡ. ಅದು 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಸಿಮೆಂಟ್ ತೊಟ್ಟಿಯ ಮೇಲೆ ಕಪ್ಪು ಬಣ್ಣದ ಡಬ್ಬಿ ಅಂದರೆ ಕೇಳಬೇಕೇ? ನನ್ನ ಮೊದಲ ಡಬ್ಬಿಯ ಮುಚ್ಚಳ ಹಪ್ಪಳದ ಹಾಗೆ ಏರಿಳಿದು ನಿಂತಿತ್ತು. ಪಿಇಟಿಜಿ ಪ್ಲಾಸ್ಟಿಕ್ ಪರವಾಗಿಲ್ಲ, ಎಎಸ್ಎ ಇನ್ನೂ ಒಳ್ಳೆಯದು. ಬಣ್ಣ ಬಿಳಿ ಇರಲಿ. ವೈರ್ ಒಳಬರುವ ಕೇಬಲ್ ಗ್ಲ್ಯಾಂಡ್ ಕೆಳಮುಖವಾಗಿ ಇರಲಿ. ಪಕ್ಕಕ್ಕೆ ಇಟ್ಟರೆ ಮಳೆನೀರು ವೈರ್ ಹಿಡಿದುಕೊಂಡೇ ಒಳಗೆ ಬರುತ್ತದೆ.

ಹಂತ 8: ಫೈಲ್ ಕೊಡುವುದು, ಇಟ್ಟುಕೊಳ್ಳುವುದು

ವರ್ಕ್‌ಶಾಪಿಗೆ ಸ್ಟೆಪ್ ಫೈಲ್ ಒಂದನ್ನೇ ಕಳಿಸಿ ಸುಮ್ಮನಾಗಬೇಡಿ. ಜೊತೆಗೆ ಒಂದು ಪುಟದ ನಕ್ಷೆ ಪಿಡಿಎಫ್‌ನಲ್ಲಿ ಇರಲಿ. ಫ್ರೀಕ್ಯಾಡ್‌ನಲ್ಲಿ ಇದಕ್ಕೆ ಟೆಕ್‌ಡ್ರಾ ವರ್ಕ್‌ಬೆಂಚ್ ಇದೆ. ಹೊರ ಅಳತೆ, ಯಾವ ತೂತಿಗೆ ಎಂ3 ಚೂಡಿ (ಸ್ಕ್ರೂ ತಿರುಗಿ ಕೂರುವ ಥ್ರೆಡ್), ಯಾವ ಲೋಹ, ಎಷ್ಟು ಪೀಸ್, ಬಣ್ಣ, ಇಷ್ಟು ಸಾಕು. ಹೊರ ಅಳತೆ ಬರೆದಿದ್ದರೆ ಮಿಲಿಮೀಟರ್, ಇಂಚು ಗೊಂದಲವೂ ಹುಟ್ಟುವುದಿಲ್ಲ. ಕಳಿಸುವ ಮೊದಲು ಆ ಸ್ಟೆಪ್ ಫೈಲನ್ನು ಬೇರೆ ಸಾಫ್ಟ್‌ವೇರ್‌ನಲ್ಲಿ ಒಮ್ಮೆ ತೆರೆದು ಎರಡು ಅಳತೆ ನೋಡಿ. ಪರೀಕ್ಷೆಗೆಂದು ಇಳಿಸಿಕೊಂಡ ಎರಡನೇ ಸಾಫ್ಟ್‌ವೇರ್ ಇದೆಯಲ್ಲ, ಅದು ಈಗ ಕೆಲಸಕ್ಕೆ ಬಂತು.

ಕ್ಲೌಡ್‌ನಲ್ಲಿ ಇರುವ ಸಾಫ್ಟ್‌ವೇರ್ ಬಳಸುತ್ತಿದ್ದರೆ, ಕೆಲಸ ಮುಗಿದ ದಿನವೇ ಸ್ಟೆಪ್ ತೆಗೆದು ನಿಮ್ಮ ಡಿಸ್ಕ್‌ನಲ್ಲೂ ಇಟ್ಟುಕೊಳ್ಳಿ. ಸ್ಟೆಪ್‌ನಲ್ಲಿ ನಿಮ್ಮ ಸ್ಕೆಚ್, ಸೂತ್ರ ಯಾವುದೂ ಬರುವುದಿಲ್ಲ, ಆಕೃತಿ ಮಾತ್ರ. ಆದರೂ ಖಾತೆ ಮುಚ್ಚಿಹೋದ ದಿನ ಕೈಯಲ್ಲಿ ಅಷ್ಟಾದರೂ ಇರುತ್ತದೆ.

ನನ್ನ ಫೋಲ್ಡರ್‌ನಲ್ಲಿ ಈಗ ನಾಲ್ಕು ವಸ್ತು ಇವೆ: ಫ್ರೀಕ್ಯಾಡ್ ಮೂಲ ಫೈಲ್, ಸ್ಟೆಪ್, ಎಸ್‌ಟಿಎಲ್, ಮತ್ತು ಯಾವ ಸಡಿಲ ಎಷ್ಟು ಬಿಟ್ಟೆ ಎಂದು ಬರೆದ ಚಿಕ್ಕ ಟಿಪ್ಪಣಿ. ಹೋದ ತಿಂಗಳು ಭಾವ ಫೋನ್ ಮಾಡಿ, "ಕೆಳಗಿನ ತೊಟ್ಟಿಗೂ ಒಂದು ಬೇಕಲ್ಲೋ, ಅಲ್ಲಿ ಕರೆಂಟ್ ಇಲ್ಲ, ಬ್ಯಾಟರಿ ಹಾಕ್ಬೇಕು" ಎಂದರು. ಸ್ಪ್ರೆಡ್‌ಶೀಟ್ ತೆರೆದು ವೈರ್ ಜಾಗ 15 ಇದ್ದದ್ದನ್ನು 40 ಮಾಡಿದೆ. ಕಾಫಿ ಮುಗಿಯುವಷ್ಟರಲ್ಲಿ ಡಬ್ಬಿ ಪ್ರಿಂಟರ್‌ಗೆ ಹೋಗಿತ್ತು.